ಎರಡು ಬೆರಳ ಪರೀಕ್ಷೆ

ಆಸ್ಪತ್ರೆಯ ಜನರೇಟರ್ ನೋಡಿಕೊಳ್ಳುವ ಮುದುಕ ಮೆಕ್ಯಾನಿಕ್, ಎರಡು ಬೆರಳ ನಡುವೆ ಉಜ್ಜಿ ನೋಡದೆ ಎಂಜಿನ್ನಿಗೆ ಆಯಿಲ್ ಸುರಿದವನೇ ಅಲ್ಲ. ಮೂವತ್ತು ವರ್ಷವೂ ಅದೇ ಮಂದನೆಯ, ಚಳಿಗೆ ಗಟ್ಟಿಯಾಗುವ ಸಿಂಗಲ್ ಗ್ರೇಡ್ ಆಯಿಲ್.

“ಮಾವ, ಮಲ್ಟಿಗ್ರೇಡ್ ಹಾಕಿ, ಚಳೀಲೂ ಹರಿಯುತ್ತೆ,” ಎಂದು ಲಾರಿ ಓಡಿಸುವ ಸೊಸೆ ಬಡಕೊಂಡಿದ್ದಳು.

“ನನಗೇ ಪಾಠನಾ? ನೋಡು, ಇದೂ ಹೇಗೆ ಜಾರುತ್ತೆ!” ಎಂದು ಉಜ್ಜಿ ತೋರಿಸಿ ಬಾಯಿ ಮುಚ್ಚಿಸಿದ್ದ.

ಕೊರೆಯುವ ಚಳಿಯ ಈ ಬೆಳಗ್ಗೆ, ಅದೇ ಆಸ್ಪತ್ರೆಯಲ್ಲಿ ಸೊಸೆಯ ಹೆರಿಗೆ ಆಪರೇಷನ್ ನಡುವೆಯೇ ಕರೆಂಟ್ ಹೋಯಿತು. ಎಂಜಿನ್ ಎರಡು ಸಲ ನರಳಿ ಸುಮ್ಮನಾಯಿತು. ಅಳತೆ ಕಡ್ಡಿ ಎಳೆದರೆ ಆಯಿಲ್ ಅಂಟಿನಂತೆ ಕಚ್ಚಿಕೊಂಡಿತ್ತು. ಅಭ್ಯಾಸಬಲದಿಂದ ಉಜ್ಜಿದ; ಜಾರಿತು. ಬೆಚ್ಚಗಿದ್ದದ್ದು ತನ್ನ ಬೆರಳು, ಎಂಜಿನ್ ಅಲ್ಲ! ಇಷ್ಟು ವರ್ಷವೂ ಆಯಿಲನ್ನು ಜಾರಿಸಿದ್ದು ಆ ಬೆರಳ ಬಿಸಿಯೇ.

ಬಕೆಟ್‌ಗಟ್ಟಲೆ ಬಿಸಿನೀರು ತಂದು ಎಂಜಿನ್ನಿನ ಅಡಿಯ ಆಯಿಲ್ ತೊಟ್ಟಿಯ ಹೊರಮೈಗೆ ಎರಚಿ ಮತ್ತೆ ಕೀಲಿ ತಿರುಗಿಸಿದ. ಎಂಜಿನ್ ಗುಡುಗಿತು, ದೀಪ ಹತ್ತಿತು. ಒಂದು ಯುಗ ಕಳೆದ ಮೇಲೆ ಮಗು ಅತ್ತಿತು.

ಸೊಸೆ ಕಣ್ಣು ಬಿಟ್ಟಾಗ ಮಾವ ಪೆನ್ನು ಹಿಡಿದು ನಿಂತಿದ್ದ. “ಯಾವ ಆಯಿಲ್ ಡಬ್ಬಿ ತರಬೇಕಮ್ಮ? ಹೇಳು, ಬರ್ಕೋತೀನಿ.”