ಜೈಸಲ್ಮೇರಿನ ಬಣ್ಣ ನೋಡಲು ಹೋದ ಶಾಂತವ್ವ

ಶಾಂತವ್ವ ಈ ದೇಶಕ್ಕೆ ಬಂದದ್ದು ಎಪ್ಪತ್ತೆರಡರಲ್ಲಿ, ಗದಗಿನಿಂದ, ಎಂಜಿನಿಯರ್ ಗಂಡ ರಾಮಲಿಂಗಪ್ಪನವರ ಜೊತೆ. ಅವರು ತೀರಿಕೊಂಡದ್ದು ಎಂಬತ್ತೊಂಬತ್ತರಲ್ಲಿ. ಮೂರು ತಿಂಗಳು ಕಳೆಯುವುದರೊಳಗೆ ಅವಳು ಪಕ್ಕದೂರು ಶ್ಯಾಂಟಿಲಿಯ ಒಂದು ಫೋಟೋ ಅಂಗಡಿಯಲ್ಲಿ ಕೆಲಸ ಹಿಡಿದಳು. ಒಂದೇ ಗಂಟೆಯಲ್ಲಿ ರೋಲು ತೊಳೆದು ಪ್ರಿಂಟು ಹಾಕಿಕೊಡುವ ಅಂಗಡಿ. ವರ್ಷ ತುಂಬುವವರೆಗಾದರೂ ಮನೆಯಲ್ಲಿ ಇರಬಾರದಿತ್ತೇ ಎಂದು ನಮ್ಮ ಹೆಂಗಸರೇ ಕೆಲವರು ಆಡಿಕೊಂಡರು. ಒಬ್ಬಾಕೆ ಮುಖಕ್ಕೇ ಕೇಳಿದಳು.

"ವರ್ಷ ತುಂಬೂತನಾ ಗ್ವಾಡಿ ನೋಡ್ಕೋತ ಕುಂದ್ರಲೇನ್ರಿ?" ಎಂದು ಹೇಳಿ ಶಾಂತವ್ವ ಕಾರು ಹತ್ತಿ ಹೋದಳು.

ನನಗೆ ಕಾರು ಓಡಿಸಲು ಬಾರದು. ಸೆಂಟರ್‌ವಿಲ್‌ನಲ್ಲಿ ನಮ್ಮ ಮನೆಗೂ ಅವಳ ಮನೆಗೂ ಎರಡೇ ಬಾಗಿಲು ದೂರ. ನನ್ನ ಮಗಳು ಅಳಿಯ ಕೆಲಸಕ್ಕೆ ಹೋದ ಮೇಲೆ ನಾನು ಶಾಂತವ್ವನ ಜೊತೆ ಹೊರಟು, ಅಂಗಡಿಯ ಕೌಂಟರಿನ ಒಳಗೆ ಕುಳಿತು ಹೂಬತ್ತಿ ಮಾಡುತ್ತಿದ್ದೆ. ಆದ್ದರಿಂದ ಇಲ್ಲಿ ಹೇಳುವುದರಲ್ಲಿ ಅರ್ಧ ನಾನು ಕಣ್ಣಾರೆ ಕಂಡದ್ದು, ಇನ್ನರ್ಧ ಅವಳ ಬಾಯಿಂದ ಕೇಳಿದ್ದು.

ಪ್ರಿಂಟು ಹಾಕುವ ಮಷೀನು ಒಂದು ಬೀರುವಿನಷ್ಟು ದೊಡ್ಡದು. ಫೋಟೋಗಳು ಒಂದೊಂದಾಗಿ ಪುಟ್ಟ ಪರದೆಯ ಮೇಲೆ ಬರುತ್ತವೆ. ಯಾವ ಬಣ್ಣ ಎಷ್ಟೆಂದು ಮಷೀನು ತಾನೇ ನಿರ್ಧರಿಸುತ್ತದೆ. ಅದು ಸರಿ ಕಾಣದಿದ್ದರೆ ಮುಂದೆ ಕುಳಿತವರು ಗುಂಡಿ ಒತ್ತಿ ಹಳದಿ, ಕೆಂಪು, ನೀಲಿ ಹೆಚ್ಚು ಕಡಿಮೆ ಮಾಡಬಹುದು. ಆ ಮಷೀನಿಗೆ ಗೊತ್ತಿದ್ದದ್ದು ಬಿಳಿಯರ ಮುಖ ಒಂದೇ. ನಮ್ಮವರ ಮುಖ ಹಾಕಿದರೆ ಒಂದೋ ಸುಣ್ಣ ಬಳಿದ ಹಾಗೆ, ಇಲ್ಲವೇ ಇದ್ದಿಲು ಮೆತ್ತಿದ ಹಾಗೆ ಬರುತ್ತಿತ್ತು. ಶಾಂತವ್ವ ಎರಡು ಗುಂಡಿ ಒತ್ತಿದಳೆಂದರೆ ಮುಖ ಮುಖದ ಹಾಗೇ ಬರುತ್ತಿತ್ತು. ನಾಮಕರಣ, ಸೀಮಂತ, ಗೃಹಪ್ರವೇಶ, ಏನೇ ಆಗಲಿ, ಮೇರಿಲ್ಯಾಂಡಿನವರೂ ನದಿ ದಾಟಿ ಬಂದು ರೋಲು ಅವಳ ಕೈಗೇ ಕೊಟ್ಟು ಹೋಗುತ್ತಿದ್ದರು. ಅಂಗಡಿಯ ಮಾಲೀಕ ವೇಣುಗೋಪಾಲ ಮೈಸೂರಿನವನು. ಅವನಿಗೂ ಅದು ಗೊತ್ತಿತ್ತು.

ತೊಂಬತ್ತಮೂರರ ಜುಲೈ ತಿಂಗಳಲ್ಲಿ ಮುರಳೀಧರ ಬಂದ. ಹೆಸರು ಬದಲಿಸಿ ಬರೆಯಿರಿ ಎಂದು ನನಗೆ ಕೆಲವರು ಹೇಳಿದರು. ಯಾಕೆ ಬದಲಿಸಬೇಕು? ಬಂದವನು ಅವನೇ. ಆ ವರ್ಷ ನಮ್ಮ ಕನ್ನಡ ಸಂಘದ ಅಧ್ಯಕ್ಷ. ರಜೆ ಸಿಕ್ಕಿದ್ದು ಜೂನಿನಲ್ಲೆಂದು, ಹೆಂಡತಿ ಮೈಥಿಲಿಯನ್ನು ಕರೆದುಕೊಂಡು ಜೂನಿನಲ್ಲೇ ರಾಜಸ್ಥಾನದ ಮರುಭೂಮಿಗೆ ಹೋಗಿ, ಟೂರ್ ಬಸ್ಸಿನಲ್ಲಿ ಐದು ದಿನ ಕೋಟೆ ಸುತ್ತಿ ಆರು ರೋಲು ತಂದಿದ್ದ. ನಮ್ಮವರನ್ನು ಬಿಟ್ಟು ಇನ್ಯಾರೂ ಆ ಬಿಸಿಲಿಗೆ ಅಲ್ಲಿಗೆ ಹೋಗುವುದಿಲ್ಲ.

ಆರು ರೋಲಿನಲ್ಲೂ ಒಂದೇ ಫೋಟೋ ಎನ್ನಬೇಕು. ಹಿಂದೆ ಕೋಟೆ, ಮುಂದೆ ಮೈಥಿಲಿ. ಹಿಂದೆ ಅರಮನೆ, ಮುಂದೆ ಮೈಥಿಲಿ. ನಯಾಗರಾ ಆಗಲಿ, ಲಿಂಕನ್ ಮೆಮೋರಿಯಲ್ ಆಗಲಿ, ಹೊಸದಾಗಿ ಕೊಂಡ ಫ್ರಿಜ್ಜೇ ಆಗಲಿ, ಮುಂದೆ ಮನೆಯವರೊಬ್ಬರು ನಿಂತಿರಬೇಕು. ಇಲ್ಲದಿದ್ದರೆ ಊರಿನಲ್ಲಿ ಯಾರೂ ನಂಬುವುದಿಲ್ಲ.

ಶಾಂತವ್ವ ಯಾವಾಗಿನಂತೆ ಮೊದಲು ಮುಖ ನೋಡಿದಳು. ಮೈಥಿಲಿಯ ಮುಖ ಕಾಮಾಲೆ ಹಿಡಿದಂತೆ ಹಳದಿಯಾಗಿತ್ತು. ಹಳದಿ ತೆಗೆದಳು. ಮುಖ ಸರಿಹೋಯಿತು, ಹಿಂದಿನ ಕೋಟೆ ಮಾತ್ರ ಸಿಮೆಂಟು ಗೋದಾಮಿನ ಬಣ್ಣಕ್ಕೆ ತಿರುಗಿತು. ಕೋಟೆಯನ್ನು ಅವಳು ಎಂದೂ ಕಂಡವಳಲ್ಲ. ಹೀಗೇ ಇರಬಹುದು ಎಂದುಕೊಂಡು ಆರು ರೋಲಿಗೂ ಪ್ರಿಂಟು ಹಾಕಿಬಿಟ್ಟಳು.

"ಏನ್ ಆಂಟಿ ಇದು," ಎಂದು ಮುರಳೀಧರ ಎಲ್ಲವನ್ನೂ ಕೌಂಟರಿನ ಮೇಲೆ ಹರಡಿದ. "ಜೈಸಲ್ಮೇರ್ ಇದು, ಗೋಲ್ಡನ್ ಫೋರ್ಟ್ ಅಂತಾರೆ. ನೀವು ಮೈಥಿಲೀನ ಫ್ಲೈಓವರ್ ಕೆಳಗೆ ನಿಲ್ಲಿಸಿದ ಹಾಗೆ ಮಾಡಿದ್ದೀರಿ."

"ಬಂಗಾರದ ಬಣ್ಣ ಐತಂತ ನನಗ ಹ್ಯಾಂಗ ಗೊತ್ತಾಗಬೇಕ್ರಿ?"

"ಇಡೀ ಜಗತ್ತಿಗೆ ಗೊತ್ತು. ನೀವು ಮಷೀನ್‌ಗೆ ಬಿಟ್ಟಿದ್ರೆ ಅದೇ ಕರೆಕ್ಟ್ ಮಾಡ್ಕೊತಿತ್ತು."

"ಅದೂ ನನ್ನಂಗ ಶ್ಯಾಂಟಿಲಿ ಬಿಟ್ಟು ಹೋಗಿಲ್ರಿ," ಎಂದಳು ಶಾಂತವ್ವ.

ಅದು ಮುರಳೀಧರನಿಗೆ ಹಿಡಿಸಲಿಲ್ಲ. ಅವನು ಹೋದ ಮೇಲೆ ವೇಣುಗೋಪಾಲ ಕನ್ನಡಕ ಒರೆಸುತ್ತ ಬಂದ. "ಸಂಘದ ಫಂಕ್ಷನ್ ಫೋಟೋ ಎಲ್ಲಾ ಅವರ ಕೈಯಿಂದಾನೇ ಬರೋದು ಆಂಟಿ. ಸ್ವಲ್ಪ ದಿನ ನೀವು ಕೌಂಟರ್ ನೋಡ್ಕೊಳ್ಳಿ. ಮಷೀನ್ ಆಟೋದಲ್ಲೇ ಓಡ್ಲಿ, ನಾನು ನೋಡ್ಕೊತೀನಿ."

ಅಂದಿನಿಂದ ಶಾಂತವ್ವನ ಕೆಲಸ ಪ್ರಿಂಟುಗಳನ್ನು ಕವರಿಗೆ ತುಂಬುವುದು. ಸುಣ್ಣದ ಮುಖಗಳು, ಇದ್ದಿಲಿನ ಮುಖಗಳು ಮತ್ತೆ ಬರತೊಡಗಿದವು. ಅವಳೇ ಅವುಗಳನ್ನು ಜೋಡಿಸಿ ಗಿರಾಕಿಗಳ ಕೈಗೆ ಕೊಡಬೇಕಾಗಿತ್ತು. ಒಂದು ವಾರ ಕೊಟ್ಟಳು. ಆಮೇಲೆ ಒಂದು ಸಂಜೆ, ರೂಟ್ ಇಪ್ಪತ್ತೆಂಟರ ಸಿಗ್ನಲ್ಲಿನಲ್ಲಿ ಕಾರು ನಿಂತಾಗ, ಹೇಳಿದಳು.

"ತಪ್ಪು ನಂದ ಐತಿ ಅಕ್ಕಾರ. ನೋಡಲಾರದ್ದಕ್ಕ ಬಣ್ಣ ಹಚ್ಚಿದೆ. ಆದ್ರ ಆ ಮಷೀನ್ ಮುಂದಿನ ಕುರ್ಚಿ ನಂದು. ಜೈಸಲ್ಮೇರಿನ ಕೋಟಿ ನೋಡ್ಕೊಂಡ ಬಂದು ಮತ್ತ ಕುಂದ್ರಾಕಿನ."

ಹೇಳಿದವಳು ಟಿಕೆಟ್ಟೂ ತೆಗೆದುಕೊಂಡಳು. ಸುದ್ದಿ ತಿಳಿದು, ಅಟ್ಲಾಂಟಾದಾಚೆ ಕಮ್ಮಿಂಗ್‌ನಲ್ಲಿದ್ದ ಅವಳ ಮಗಳು ಆರತಿ ಫೋನು ಮಾಡಿದಳು. ನಾನು ಪಕ್ಕದಲ್ಲೇ ಕುಳಿತು ಅವರೇಕಾಳು ಬಿಡಿಸುತ್ತಿದ್ದೆ. ಆ ಹುಡುಗಿಯ ದನಿ ನನಗೂ ಕೇಳುತ್ತಿತ್ತು.

"ಅಮ್ಮಾ, ಯು ಕಾಂಟ್ ಗೋ ಅಲೋನ್. ಅಲ್ಲಿ ನಿಂಗೆ ಯಾರು ಗೊತ್ತು?"

"ಇಲ್ಲಿ ಬಂದಾಗ ಯಾರ ಗೊತ್ತಿದ್ರು?"

"ಆಗ ಅಪ್ಪ ಇದ್ದರು."

"ಈಗ ನಿಮ್ಮಪ್ಪನ ಕ್ಯಾಮೆರಾ ಐತಿ. ಅವರಕಿಂತ ಹಗರ ಐತಿ, ಮತ್ತ ನನ್ನ ಮಾತು ಕೇಳತೈತಿ."

ಐವತ್ತೆಂಟನೇ ವಯಸ್ಸಿನಲ್ಲಿ, ಆ ಅಕ್ಟೋಬರಿನಲ್ಲಿ, ಹೊರಟೇಬಿಟ್ಟಳು. ಇಪ್ಪತ್ತು ರೋಲು ಫಿಲ್ಮನ್ನು ಸ್ಟೀಲ್ ಡಬ್ಬಿಯಲ್ಲಿ ತುಂಬಿದ್ದಳು. ಬಿಸಿಗೆ ಫಿಲ್ಮು ಕೆಡುತ್ತದೆ. ಡಬ್ಬಿಗೆ ಒದ್ದೆ ಬಟ್ಟೆ ಸುತ್ತಿಟ್ಟರೆ ತಣ್ಣಗಿರುತ್ತದೆ. ದಿಲ್ಲಿಯ ವಿಮಾನ ನಿಲ್ದಾಣದಲ್ಲಿ ಡಬ್ಬಿಯನ್ನು ಎಕ್ಸ್‌ರೇ ಪೆಟ್ಟಿಗೆಗೆ ಹಾಕಲೇಬೇಕೆಂದು ಒಬ್ಬ ಹಟ ಹಿಡಿದ. ಎಕ್ಸ್‌ರೇ ತಾಗಿದರೆ ಫಿಲ್ಮು ಮಬ್ಬಾಗುತ್ತದೆಂದು ಇವಳು ಡಬ್ಬಿ ಬಿಚ್ಚಿ, ಒಂದೊಂದೇ ರೋಲು ಅವನ ಕೈಗೆ ಕೊಟ್ಟು, ಕಣ್ಣಿನಿಂದ ನೋಡು ಎಂದಳು. ಹಿಂದೆ ಸಾಲು ಬೆಳೆಯಿತು, ಜನ ಗೊಣಗಿದರು. ಎಂಟನೇ ರೋಲಿಗೆ ಅವನೇ ಸೋತು ಕೈಮುಗಿದು ಕಳಿಸಿದನಂತೆ.

ಮೊದಲು ಬಿಕಾನೇರು. ಬಯಲಿನಲ್ಲಿ ಎದ್ದು ನಿಂತ ಕೆಂಪು ಕಲ್ಲಿನ ಕೋಟೆ. ಅಲ್ಲಿನ ಗೈಡ್ ಬೆನ್ನು ಹತ್ತಿ, ಕ್ಯಾಮೆರಾ ಕೊಡಿ ಮಾತಾಜಿ, ಬಾಗಿಲ ಮುಂದೆ ನಿಲ್ಲಿ, ನಾನು ತೆಗೆಯುತ್ತೇನೆ ಎಂದ. "ನನ್ನ ಮಾರಿ ದಿನಾ ಕನ್ನಡ್ಯಾಗ ನೋಡತೀನಿ, ಸರದ ನಿಲ್ಲು" ಎಂದು ಇವಳು ಗದಗಿನ ಕನ್ನಡದಲ್ಲೇ ಹೇಳಿದಳು. ಅವನಿಗೆ ಅರ್ಥವಾಗಿ ಸರಿದು ನಿಂತ. ಮುಖ ನೋಡುತ್ತ ಕೂತು ಕೋಟೆ ಕೆಡಿಸಿದವಳು, ಈ ಸಲ ಯಾವ ಮುಖವೂ ಬೇಡ ಎಂದು ತೀರ್ಮಾನಿಸಿಯೇ ಹೋಗಿದ್ದಳು.

ಅಲ್ಲಿಂದ ಇಡೀ ದಿನದ ಬಸ್ಸು ಜೈಸಲ್ಮೇರಿಗೆ. ಆ ಕೋಟೆಯೊಳಗೆ ಈಗಲೂ ಜನ ಸಂಸಾರ ಮಾಡಿಕೊಂಡಿದ್ದಾರೆ. ಬೀದಿಗಳಿವೆ, ದನಗಳಿವೆ, ಕಿಟಕಿಯಲ್ಲಿ ಬಟ್ಟೆ ಒಣಗುತ್ತವೆ. ಒಂದು ಮನೆಯ ಮಹಡಿಯ ಕೋಣೆ ಹಿಡಿದು ಶಾಂತವ್ವ ಒಂಬತ್ತು ದಿನ ಉಳಿದಳು. ಬೆಳಿಗ್ಗೆ ಎದ್ದು ಕೋಟೆಯಿಂದ ಕೆಳಗಿಳಿದು, ಎದುರಿನ ದಿಬ್ಬದ ಮೇಲೆ ಛತ್ರಿ ಬಿಚ್ಚಿ ಕೂರುವುದು. ಒಂದೇ ಗೋಡೆ, ಒಂದೇ ಬುರುಜು. ಗಂಟೆಗೊಮ್ಮೆ ಒಂದು ಫೋಟೋ, ಪುಟ್ಟ ನೋಟ್‌ಬುಕ್ಕಿನಲ್ಲಿ ಒಂದು ಸಾಲು. ಆ ನೋಟ್‌ಬುಕ್ಕನ್ನು ನಾನು ಓದಿದ್ದೇನೆ. ಏಳು ಗಂಟೆ, ಕಡಲೆಹಿಟ್ಟು, ಹುರಿಯದ್ದು. ಒಂಬತ್ತು, ಅದೇ ಹಿಟ್ಟು, ತುಸು ಹುರಿದದ್ದು. ಹನ್ನೆರಡೂವರೆ, ಬಿಳಿಜೋಳದ ಹಿಟ್ಟು, ಕಣ್ಣಿಗೆ ಹೊಡೆಯುತ್ತದೆ. ನಾಲ್ಕು, ಹಸುವಿನ ತುಪ್ಪ. ಆರು, ಬೆಲ್ಲದ ಪಾಕ, ಎಳೆ ಬರುವುದಕ್ಕೆ ಮುಂಚಿನದು. ಧೂಳು ಎದ್ದ ದಿನ, ಹಳೇ ಗೋಣಿಚೀಲ.

ನಾಲ್ಕನೇ ದಿನ ಒಬ್ಬ ಪೊಲೀಸು ಬಂದ. ಗಡಿ ಹತ್ತಿರದ ಊರು. ದಿನವೆಲ್ಲ ಒಂದೇ ಗೋಡೆಯ ಫೋಟೋ ತೆಗೆಯುವ ಮುದುಕಿಯೊಬ್ಬಳು ಇದ್ದಾಳೆಂದು ಯಾರೋ ಹೇಳಿದ್ದರಂತೆ. ನೋಟ್‌ಬುಕ್ಕು ಕಿತ್ತುಕೊಂಡು ನೋಡಿದ. ಓದಲಾಗದ ಅಕ್ಷರ, ಪಕ್ಕದಲ್ಲಿ ಗಂಟೆಗಳು. ಸಂಶಯ ಇನ್ನೂ ಹೆಚ್ಚಾಯಿತು. ಶಾಂತವ್ವ ತನ್ನ ಹರಕು ಹಿಂದಿಯಲ್ಲಿ ಬೇಸನ್, ಘೀ, ಗುಡ ಎಂದು ಒಂದೊಂದೇ ಸಾಲು ಓದಿ, ಗೋಡೆಯ ಕಡೆ ಬೆರಳು ತೋರಿಸಿದಳು. ಅವನು ಗೋಡೆ ನೋಡಿದ. ಅಲ್ಲೇ ಹುಟ್ಟಿ ಬೆಳೆದವನು, ಅಷ್ಟು ಹೊತ್ತು ನಿಂತು ನೋಡಿರಲಿಲ್ಲ. ಕೊನೆಗೆ ನಾಲ್ಕು ಗಂಟೆಯದು ತುಪ್ಪವಲ್ಲ, ಒಂಟೆಯ ಹಾಲಿನ ಕೆನೆ ಎಂದು ವಾದಕ್ಕೇ ಕುಳಿತ.

"ನಾ ಒಂಟಿ ಹಾಲ ಕಂಡಿಲ್ಲ, ತುಪ್ಪಾನ ಬರೀತೀನಿ ಅಂದೆ," ಎಂದಳು ನನಗೆ.

ಕಡೆಗೆ ಜೋಧಪುರ. ಬಂಡೆಯ ನೆತ್ತಿಯಲ್ಲಿ ಕೋಟೆ, ಬುಡದಲ್ಲಿ ನೀಲಿ ಬಳಿದ ಮನೆಗಳು. ಕೋಟೆಯ ಒಂದು ಬಾಗಿಲ ಪಕ್ಕದ ಗೋಡೆಯಲ್ಲಿ ಸಣ್ಣ ಸಣ್ಣ ಹಸ್ತಗಳನ್ನು ಕೆತ್ತಿದ್ದಾರೆ. ರಾಜ ಸತ್ತಾಗ ಚಿತೆಗೆ ಹೋದ ರಾಣಿಯರ ಗುರುತು. ಬಂದವರೆಲ್ಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಇವಳು ತನ್ನ ಹಸ್ತವನ್ನು ಒಂದರ ಮೇಲೆ ಇಟ್ಟು ಅಳತೆ ನೋಡಿದಳು. ತನ್ನದು ಎಷ್ಟೋ ದೊಡ್ಡದು. "ಸಣ್ಣ ಹುಡಿಗ್ಯಾರ ಕೈ ಅಕ್ಕಾರ. ನಾ ಕೈ ಮುಗೀಲಿಲ್ಲ. ಮುಗದ್ರ ಮಾಡಿದ್ದು ಸರಿ ಅಂದಂಗಾಕ್ಕಿತ್ತು." ಆ ಗೋಡೆಗೇ ಪೂರ್ತಿ ಒಂದು ರೋಲು ಮುಗಿಸಿದಳು.

ನವೆಂಬರಿನಲ್ಲಿ ವಾಪಸು ಬಂದಳು. ಅಂಗಡಿ ತೆರೆಯುವುದಕ್ಕೆ ಮೊದಲು ಕೆಲಸದವರು ತಮ್ಮ ಸ್ವಂತ ರೋಲು ತೊಳೆದುಕೊಳ್ಳಬಹುದಿತ್ತು. ನಾಲ್ಕು ದಿನ ಬೆಳಿಗ್ಗೆ ಅವಳು ನೋಟ್‌ಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡು, ಪ್ರತಿ ಫೋಟೋಕ್ಕೂ ಅದರದೇ ಸಾಲು ಓದಿ ಗುಂಡಿ ಒತ್ತಿದಳು. ಹಿಟ್ಟು ಹಿಟ್ಟಾಗಿ, ತುಪ್ಪ ತುಪ್ಪವಾಗಿ ಬಂದವು. ನೋಡಲು ಬಂದ ಹೆಂಗಸರು ಇಪ್ಪತ್ತು ರೋಲನ್ನೂ ತಿರುವಿ, "ಎಲ್ಲಾ ಚೆನ್ನಾಗಿದೆ, ನೀವೆಲ್ಲಿ?" ಎಂದು ಕೇಳಿದರು.

"ಕ್ಯಾಮೆರಾದ ಹಿಂದ."

ಜೈಸಲ್ಮೇರಿನ ಸಂಜೆ ಆರು ಗಂಟೆಯ ಒಂದು ಫೋಟೋವನ್ನು ವೇಣುಗೋಪಾಲ ದೊಡ್ಡದು ಮಾಡಿಸಿ ಅಂಗಡಿಯ ಗಾಜಿಗೆ ಅಂಟಿಸಿದ. ಆದರೂ ಅವಳನ್ನು ಕುರ್ಚಿಗೆ ಕರೆಯಲಿಲ್ಲ. ಆ ಶನಿವಾರ ಗಾಜಿನಲ್ಲಿದ್ದದ್ದನ್ನು ಕಂಡು ಮುರಳೀಧರ ಒಳಗೆ ಬಂದ, ಕೈಯಲ್ಲಿ ತನ್ನ ಹಳೆಯ ನೆಗೆಟಿವುಗಳು.

"ಇದು ಗೋಲ್ಡ್. ಈಗ ಗೊತ್ತಾಯ್ತಲ್ಲ ಆಂಟಿ. ನಂದೂ ಆರೂ ರೋಲು ಇದೇ ಕಲರ್‌ಗೆ ಹಾಕ್ಕೊಡಿ. ಸಂಘದ ಡಿನ್ನರ್‌ನಲ್ಲಿ ಎಲ್ಲರಿಗೂ ತೋರಿಸ್ಬೇಕು."

ಮಷೀನಿನ ಮುಂದಿದ್ದ ವೇಣುಗೋಪಾಲನ ಮುಖ ಅರಳಿತು. "ಬನ್ನಿ ಆಂಟಿ. ಸರ್ ಕೇಳಿದ್ದು ಹಾಕ್ಕೊಟ್ಬಿಡಿ, ಇವತ್ತಿಂದ ಮಷೀನ್ ನಿಮ್ದೇ."

ಅವಳು ಬೇಕೆಂದದ್ದು ಅದೊಂದೇ. ನಾನು ಕೈಯಲ್ಲಿದ್ದ ಹತ್ತಿ ಕೆಳಗಿಟ್ಟೆ. ಶಾಂತವ್ವ ಒಂದು ನೆಗೆಟಿವನ್ನು ಟ್ಯೂಬ್‌ಲೈಟಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಇವರ ನೆರಳು ಕಾಲ ಬುಡಕ್ಕ ಐತಿ. ಮಟಮಟ ಮಧ್ಯಾಹ್ನ ತಗದದ್ದು."

"ಇರ್ಬಹುದು. ಸೋ?"

"ಮಧ್ಯಾಹ್ನಕ್ಕ ಆ ಗ್ವಾಡಿ ಬಂಗಾರ ಇರೂದಿಲ್ರಿ. ಜೋಳದ ಹಿಟ್ಟಿನಂಗ ಇರತೈತಿ. ಮೊದಲ ಹಾಕಿದ್ದು ತಪ್ಪು, ಅದನ್ನ ತಿದ್ದಿ ಕೊಡತೀನಿ. ಮಧ್ಯಾಹ್ನಕ್ಕ ಸಂಜಿ ಬಣ್ಣ ಹಚ್ಚಂಗಿಲ್ಲ."

"ನಾನು ಅಲ್ಲಿಗೆ ಹೋಗಿದ್ದೆ ಆಂಟಿ."

"ಆ ಕೋಟ್ಯಾಗ ಎಷ್ಟೊತ್ತು ಇದ್ರಿ?"

"ಒಂದೂವರೆ ಗಂಟೆ," ಎಂದ ಮುರಳೀಧರ. ಆಮೇಲೆ ಸೇರಿಸಿದ, "ಲಂಚ್ ಸೇರಿ."

"ನಾ ಒಂಬತ್ತ ದಿನ ಇದ್ದೆ."

"ಆಂಟಿ, ಪ್ಲೀಸ್," ಎಂದ ವೇಣುಗೋಪಾಲ. "ಒಂದು ಗುಂಡಿ ಒತ್ತೋ ವಿಷಯ."

"ಗುಂಡಿ ನೀವ ಒತ್ತರಿ ಹಂಗಾರ. ನಾ ಕವರ್ ತುಂಬತೀನಿ. ನಾ ಕುಂತ್ರ ಕಂಡದ್ದ ಹಾಕಾಕಿ."

ವೇಣುಗೋಪಾಲ ಒತ್ತಬಹುದಿತ್ತು. ಎಷ್ಟು ಒತ್ತಬೇಕೆಂದು ಅವನಿಗೆ ತಿಳಿಯದು. ಗಾಜಿನ ಮೇಲಿದ್ದ ಬಣ್ಣ ಅವನ ಕೈಯಿಂದ ಬಂದದ್ದಲ್ಲ. ಒಂದು ಪ್ರಿಂಟು ಹಾಕಿ ತೋರಿಸಿ ನೋಡೋಣ ಎಂದು ಎದ್ದು ಪಕ್ಕಕ್ಕೆ ನಿಂತ. ಅವಳು ನಿಂತುಕೊಂಡೇ ಗುಂಡಿ ಒತ್ತಿದಳು. ಪ್ರಿಂಟು ಹೊರಬರುವ ಹೊತ್ತಿಗೆ, ಕಾರಿನಲ್ಲಿ ಕಾದು ಕಾದು ಬೇಸತ್ತ ಮೈಥಿಲಿ ಒಳಗೆ ಬಂದಳು. ಶಾಂತವ್ವ ಪ್ರಿಂಟನ್ನು ನೇರ ಅವಳ ಕೈಗೇ ಕೊಟ್ಟಳು. ಬೆಳ್ಳನೆ ಉರಿಯುವ ಗೋಡೆ, ಅದರ ಮುಂದೆ ಕಣ್ಣು ಕಿರಿದು ಮಾಡಿಕೊಂಡು ನಿಂತ ಹೆಂಗಸು.

ಮೈಥಿಲಿ ಕತ್ತೆತ್ತದೆ ನೋಡಿದಳು. "ಹೌದು. ಹೀಗೇ ಇತ್ತು. ಕಣ್ಣು ಬಿಡಕ್ಕಾಗ್ತಿರ್ಲಿಲ್ಲ. ತಲೆ ಸಿಡೀತಾ ಇತ್ತು, ಇವರು ಸ್ಮೈಲ್ ಸ್ಮೈಲ್ ಅಂತಿದ್ರು."

"ಮೈಥಿಲಿ, ನಾನು ಹೇಳ್ತಿರೋದು ಗೋಲ್ಡನ್..."

"ಯಾವ ಗೋಲ್ಡನ್ ರೀ? ಬಸ್ಸಲ್ಲಿ ಎರಡು ಸಲ ವಾಂತಿ ಮಾಡ್ಕೊಂಡೆ. ಡಿನ್ನರ್‌ಗೆ ಬಂದವರು ನನ್ನ ಫೋಟೋ ತಾನೆ ನೋಡೋದು? ನಿಂತವಳು ನಾನು. ಇದು ಸರಿಯಾಗಿದೆ."

"ಮಾರಿ ತುಸು ಹಳದಿ ಬರತೈತ್ರಿ," ಎಂದಳು ಶಾಂತವ್ವ. "ಗ್ವಾಡಿ ಬೆಳಕು ನಿಮ್ಮ ಮ್ಯಾಲೆ ಬಿದ್ದೈತಿ. ಅದನ್ನ ತಗದ್ರ ಕೋಟಿ ಬಣ್ಣಾನೂ ಹೋಗತೈತಿ."

"ಬಿದ್ದಿತ್ತಲ್ಲ, ಇರಲಿ ಬಿಡಿ. ಎಲ್ಲಾ ಹೀಗೇ ಹಾಕಿ."

ಮುರಳೀಧರ ವೇಣುಗೋಪಾಲನ ಕಡೆ ನೋಡಿದ. ವೇಣುಗೋಪಾಲ ಮೈಥಿಲಿಯ ಕಡೆ ನೋಡಿ, "ಸರಿ ಆಂಟಿ, ಸೋಮವಾರದಿಂದ ನೀವೇ ಮಷೀನ್ ನೋಡ್ಕೊಳ್ಳಿ," ಎಂದ.

"ಸೋಮವಾರ ಯಾಕ್ರಿ? ಇವರ ಆರು ರೋಲು ಯಾರ ಹಾಕಬೇಕು?"

ಕುರ್ಚಿ ಎಳೆದುಕೊಂಡು, ಅವನು ಏರಿಸಿಟ್ಟಿದ್ದ ಅದರ ಎತ್ತರವನ್ನು ತನ್ನ ಅಳತೆಗೆ ಇಳಿಸಿಕೊಂಡು ಕುಳಿತಳು. ಎರಡು ಗಂಟೆ ಹಿಡಿಯಿತು. ಮೈಥಿಲಿ ಪಕ್ಕದಲ್ಲೇ ನಿಂತು, ಪ್ರತಿ ಫೋಟೋ ಬಂದಾಗಲೂ ಅದು ಎಷ್ಟು ಹೊತ್ತಿನದೆಂದು ನೆನಪು ಮಾಡಿಕೊಂಡು ಹೇಳುತ್ತ ಹೋದಳು. ಮುರಳೀಧರ ಒಂದು ಸಲ ಗಡಿಯಾರ ನೋಡಿಕೊಂಡ. ಕೆಲಸ ಇದ್ದರೆ ಹೋಗಿ ಬನ್ನಿ ಎಂದು ಅವನಿಗೆ ಯಾರೂ ಹೇಳಲಿಲ್ಲ.