ಮನೆಯಿಂದ ಬಂದ ಒನ್ಸ್ ಮೋರ್

2004ರಲ್ಲಿ ನಾನು ಗಜೇಂದ್ರಗಡದಲ್ಲಿ ಕೇಬಲ್ ಟಿ.ವಿ. ನಡೆಸುತ್ತಿದ್ದೆ. ಮಾಲೀಕನೂ ನಾನೇ, ಕಂಬ ಹತ್ತುವವನೂ ನಾನೇ. ಧಾರಾವಾಹಿ ನಡುವೆ ಚಿತ್ರ ಹೋದರೆ ಇಡೀ ಓಣಿಯ ಕೈಯಲ್ಲಿ ಬೈಸಿಕೊಳ್ಳುವವನೂ ನಾನೇ. ಆ ವರ್ಷ ಮಾಡಿದ ಒಂದು ಕೆಲಸ ನೆನೆದರೆ ಇವತ್ತಿಗೂ ಎದೆ ಉಬ್ಬುತ್ತದೆ, ಸುಳ್ಳು ಯಾಕೆ ಹೇಳಲಿ?

ನೇಕಾರರ ಓಣಿಯಲ್ಲಿ ಗಂಗಕ್ಕ ಇದ್ದರು. ಒಂದು ಕಾಲಕ್ಕೆ ನಾಟಕ ಕಂಪನಿಯ ಹೆಸರಾಂತ ನಟಿ. ಟೊಂಕದ ಎಲುಬು ಮುರಿದು ಹಾಸಿಗೆ ಹಿಡಿದಿದ್ದರು. ಅದೇ ಕಂಪನಿ ಆಗ ನಮ್ಮೂರಲ್ಲಿ ಕ್ಯಾಂಪ್ ಹಾಕಿತ್ತು. ಗಂಗಕ್ಕ ಮಾಡುತ್ತಿದ್ದ ಪಾತ್ರವನ್ನು ಈಗ ಮಗಳು ರೇಣುಕಾ ಮಾಡುತ್ತಿದ್ದಳು. ವೈರ್ ಸರಿಮಾಡಲು ಅವರ ಮನೆಗೆ ಹೋದಾಗ ಗಂಗಕ್ಕ ನನ್ನನ್ನು ದುರುಗುಟ್ಟಿ ನೋಡಿದರು.

“ಅಲ್ಲೋ ಬಸವರಾಜಾ, ಅಮೇರಿಕಾದ ಕುಸ್ತಿ ತೋರಸ್ತಿ. ಬಸ್ ಸ್ಟ್ಯಾಂಡ್ ಬಾಜೂಕ ನನ್ನ ಮಗಳು ಹಾಡಾಕತ್ತಾಳ, ಅದನ್ನ ತೋರಸಾಕ ಆಗಂಗಿಲ್ಲೇನು?”

ಕಂಪನಿ ಊರು ಬಿಡುವ ದಿನ ಹತ್ತಿರ ಬಂದಿತ್ತು. ಸೀದಾ ಕಂಪನಿ ಮಾಲೀಕರ ಬಳಿ ಹೋದೆ. “ಮನ್ಯಾಗ ಪುಕ್ಕಟೆ ಸಿಕ್ಕರ ತಿಕೀಟ ತಗೊಂಡು ಯಾರ ಬರ್ತಾರ್ರಿ? ನನ್ನ ಕಂಪನಿ ಮುಚ್ಚಸ್ತೀರೇನು?” ಎಂದು ರೇಗಿದರು. ಎರಡೇ ಸಂಜೆಯ ಆಟ ತೋರಿಸುತ್ತೇನೆ, ಮಂದಿ ಕಡಿಮೆಯಾದರೆ ಮೊದಲನೆಯದಕ್ಕೇ ನಿಲ್ಲಿಸುತ್ತೇನೆ ಎಂದು ಹೇಗೋ ಒಪ್ಪಿಸಿದೆ.

ಮದುವೆ ಶೂಟಿಂಗ್ ಮಾಡುವ ಗೆಳೆಯ ರಫೀಕ ತನ್ನ ಹೊಸ ಡಿಜಿಟಲ್ ಕ್ಯಾಮೆರಾ ತಂದ. ನಾಟಕದ ಪೆಂಡಾಲಿನಿಂದ ನನ್ನ ಕಂಟ್ರೋಲ್ ರೂಮಿನವರೆಗೆ ಕೇಬಲ್ ಎಳೆದು ಮಾಡ್ಯುಲೇಟರ್‌ಗೆ ಜೋಡಿಸಿದೆವು. ಕ್ಯಾಮೆರಾದ ಚಿತ್ರವನ್ನು ಟಿ.ವಿ.ಯ ಒಂದು ಚಾನೆಲ್ಲಿಗೆ ಹಾಕುವ ಡಬ್ಬಿ ಅದು. ಆಟ ಮುಗಿಯುವತನಕ ಚಿತ್ರ ಒಮ್ಮೆಯೂ ಹೋಗಲಿಲ್ಲ, ಪೆಂಡಾಲಿನಲ್ಲಿ ಮಂದಿಯೂ ಕಡಿಮೆಯಾಗಲಿಲ್ಲ. ಗೆದ್ದೆ ಅಂದುಕೊಂಡೆ.

ಮರುದಿನ ಬೆಳಿಗ್ಗೆ ಓಣಿಯ ಹೆಂಗಸರು ನನ್ನನ್ನು ಹಿಡಿದುಕೊಂಡರು. ನಮ್ಮ ಕಡೆ ಹಾಡು ಮನಸ್ಸಿಗೆ ಬಂದರೆ ಮಂದಿ ‘ಒನ್ಸ್ ಮೋರ್’ ಅಂತ ಕೂಗುತ್ತಾರೆ, ನಟಿ ಇನ್ನೊಮ್ಮೆ ಹಾಡಲೇಬೇಕು. ಇವರು ಟಿ.ವಿ. ಮುಂದೆ ಕೂತು ಕೂಗಿದ್ದರು! “ಗಂಟಲ ಹರಕೊಂಡ್ರೂ ಆಕಿ ಹಾಡಲಿಲ್ಲ. ನಾವು ಮಂದಿ ಅಲ್ಲೇನ್ರಿ?” ಅಂದರು ಹಿರಿಯಾಕೆ ಹುಸೇನಬಿ. ಮೊದಲು ನಗು ಬಂತು. ಆಮೇಲೆ ಅವರ ಮಾತು ಖರೇ ಅನಿಸಿತು.

ಅಷ್ಟರಲ್ಲಿ ರೇಣುಕಾ ಬಂದಳು. “ಅಣ್ಣಾರ, ಅವ್ವ ನಿಮ್ಮ ಮುಂದ ಏನರ ಅಂದ್ಲೇನ್ರಿ? ನನಗ ಊಟಾ ಮಾಡಿ ಮಲ್ಕೊ ಅಂದ್ಲು, ಅಷ್ಟ.” ಅವಳ ಕಣ್ಣು ತುಂಬಿತ್ತು. ಪೆಂಡಾಲ್ ಎಷ್ಟು ಚಪ್ಪಾಳೆ ತಟ್ಟಿದರೇನು, ಅವಳಿಗೆ ಬೇಕಾಗಿದ್ದು ಆ ಒಂದು ಬಾಯಿಯ ಮಾತು.

ಎರಡನೇ ಆಟಕ್ಕೆ ರಂಗದ ಪಕ್ಕ ಸ್ಪೀಕರ್ ಫೋನ್ ಇಟ್ಟು, ಅದರ ಮುಂದೆ ಮೈಕ್ ನಿಲ್ಲಿಸಿದೆ. ಫೋನಿನ ನಂಬರನ್ನು ಮೊದಲೇ ಟಿ.ವಿ.ಯಲ್ಲಿ ತೋರಿಸಿದ್ದೆ. ಮನೆಯವರು ಫೋನಿನಲ್ಲಿ ಕೂಗಿದರೆ ಇಡೀ ಪೆಂಡಾಲಿಗೆ ಕೇಳಬೇಕು. ಕರೆ ಮಾಡುವವರು ಟಿ.ವಿ. ಸದ್ದು ಇಳಿಸಬೇಕಿತ್ತು, ಇಲ್ಲದಿದ್ದರೆ ಅದೇ ದನಿ ಸುತ್ತು ಹೊಡೆದು ಕಿರುಚುತ್ತದೆ. ಮೊದಲು ಫೋನ್ ಮಾಡಿದ ಪುಣ್ಯಾತ್ಮ ಅದನ್ನೇ ಮರೆತ. ಸ್ಪೀಕರ್ ಕುಂಯ್ ಅಂದಿದ್ದಕ್ಕೆ ಮಂದಿ ಕಿವಿ ಮುಚ್ಚಿಕೊಂಡರು, ಮಾಲೀಕರು ನನ್ನನ್ನು ನುಂಗುವ ಹಾಗೆ ನೋಡಿದರು. ಆದರೆ ಪೆಂಡಾಲ್ ಮಾತ್ರ ತುಂಬಿತ್ತು. ಫೋನಿನ ಮೋಜು ನೋಡಲೆಂದೇ ಅರ್ಧ ಊರು ಬಂದಿತ್ತು.

ರೇಣುಕಾಳ ದೊಡ್ಡ ಹಾಡು ಮುಗಿಯಿತು. ಫೋನ್ ರಿಂಗಾಯಿತು.

“ಯಾರ್ರಿ?” ಅಂದೆ.

“ನಾನು.”

ಹಳೇ ಮಂದಿಗೆ ಆ ದನಿಯ ಗುರುತು ಸಿಕ್ಕಿತು. ರೇಣುಕಾ ನಿಂತಲ್ಲೇ ನಿಂತಳು.

“ಒನ್ಸ್ ಮೋರ್,” ಅಂದರು ಗಂಗಕ್ಕ. “ಎರಡನೇ ಸಾಲು ನುಂಗಬ್ಯಾಡ. ಬಾಯಿ ಬಿಟ್ಟು ಹಾಡು.”

ಅಬ್ಬಾ, ಆ ಚಪ್ಪಾಳೆ! ರೇಣುಕಾ ನಗುತ್ತ, ಕಣ್ಣು ಒರೆಸಿಕೊಳ್ಳುತ್ತ ಮತ್ತೆ ಹಾಡಿದಳು. ಎರಡನೇ ಸಾಲು ಬಸ್ ಸ್ಟ್ಯಾಂಡಿನ ಆಚೆಗೂ ಕೇಳಿರಬೇಕು.

ಕಲೆಯನ್ನು ಮನೆಗೆ ಮುಟ್ಟಿಸಲು ಒಂದು ವೈರ್ ಸಾಲದು, ಮನೆಯವರ ದನಿ ಕಲಾವಿದರಿಗೆ ಮುಟ್ಟಲು ಇನ್ನೊಂದು ಬೇಕು ಎಂಬುದನ್ನು ನನ್ನ ಕಸುಬು ಆ ಸಂಜೆ ಕಲಿಸಿತು.

ಮರುದಿನ ಗಂಗಕ್ಕನನ್ನು ಕಂಡೆ. ಹತ್ತಿರ ಕರೆದು ಮೆಲ್ಲಗೆ ಅಂದರು: “ನನಗಿಂತ ಚಲೋ ಹಾಡ್ತಾಳೋ. ಆಕಿಗೆ ಹೇಳಬ್ಯಾಡ ಮತ್ತ.”

ಊರಿಗೆಲ್ಲ ಸುದ್ದಿ ಮುಟ್ಟಿಸುವ ಕಸುಬು ನನ್ನದು. ಹೇಳದೆ ಹ್ಯಾಂಗ ಇರಲಿ? ಸೀದಾ ಪೆಂಡಾಲಿಗೆ ಹೋಗಿ ರೇಣುಕಾಳಿಗೆ ಹೇಳಿಬಿಟ್ಟೆ.