ಮೂರನೇ ಮಹಡಿಯ ಬೆಂಕಿ ಬಾಗಿಲು

ಬಾಗಿಲ ಮೇಸ್ತ್ರಿಗೆ ಸಿಟ್ಟು ಬರಲು ದೊಡ್ಡ ಕಾರಣ ಬೇಕಿರಲಿಲ್ಲ. ಯಾರಾದರೂ ಬಚ್ಚಲಿಗೆ ಪ್ಲೈವುಡ್ ಬಾಗಿಲು ಹಾಕಿಸಿ, ಬುಡ ಕೊಳೆತ ಮೇಲೆ ಅವನನ್ನು ಕರೆದರೆ ಅಲ್ಲೇ ನಿಂತು ಅವರ ಜನ್ಮ ಜಾಲಾಡುತ್ತಿದ್ದ. ನೀರು ಬೀಳುವ ಕಡೆ ಪ್ಲಾಸ್ಟಿಕ್ಕು, ಮಲಗುವ ಕೋಣೆಗೆ ಒಳಗೆ ಟೊಳ್ಳಿರುವ ಹಗುರ ಬಾಗಿಲಾದರೂ ನಡೆದೀತು, ಬೀದಿ ಬಾಗಿಲಿಗೆ ಮಾತ್ರ ಗಟ್ಟಿ ಮರವೇ ಆಗಬೇಕು. ಇಷ್ಟೂ ಗೊತ್ತಿಲ್ಲದವರು ಮನೆ ಯಾಕಾದರೂ ಕಟ್ಟಿಸುತ್ತಾರೋ ಎಂದು ಗೊಣಗುತ್ತಲೇ ಕೆಲಸ ಮಾತ್ರ ಅಚ್ಚುಕಟ್ಟಾಗಿ ಮಾಡಿಕೊಡುತ್ತಿದ್ದ. ಜನ ಬೈಗುಳ ನುಂಗಿಕೊಂಡು ಮತ್ತೆ ಅವನನ್ನೇ ಕರೆಯುತ್ತಿದ್ದರು.

ಬೆಂಕಿ, ಹೊಗೆ ತಡೆಯಲು ಹಾಕುವ ಬೆಂಕಿ ಬಾಗಿಲಿನ ವಿಷಯಕ್ಕೆ ಬಂದರಂತೂ ಅವನ ಹತ್ತಿರ ಯಾರೂ ಸುಳಿಯುವಂತಿರಲಿಲ್ಲ. ಅದಕ್ಕೆ ಕಾರಣ ಅವನ ಅಕ್ಕ. ತಾಯಿ ಬೇಗ ತೀರಿಕೊಂಡ ಮನೆಯಲ್ಲಿ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳು. ಈಗ ಲಕ್ವ ಹೊಡೆದು ಬಲಗೈ ಸೋತು, ಎಡಗೈಯಲ್ಲಿ ಕೋಲು ಹಿಡಿದು ಹೆಜ್ಜೆ ಎಳೆದುಕೊಂಡು ನಡೆಯುತ್ತಿದ್ದಳು. ಮೇಸ್ತ್ರಿ ಬಾಗಿಲುಗಳ ಉಸ್ತುವಾರಿ ನೋಡುತ್ತಿದ್ದ ದೊಡ್ಡ ಕಟ್ಟಡದ ಮೂರನೇ ಮಹಡಿಯಲ್ಲೇ ಅವಳ ಮನೆ. ಮಗಳು ಕೆಲಸಕ್ಕೆ ಹೋದರೆ ಸಂಜೆಯವರೆಗೆ ಒಬ್ಬಳೇ.

ಅವಳ ಮನೆ ಮುಂದಿನ ಕಾರಿಡಾರಿಗೂ ಮೆಟ್ಟಿಲು, ಲಿಫ್ಟಿಗೂ ನಡುವೆ ಒಂದು ಬೆಂಕಿ ಬಾಗಿಲಿತ್ತು. ಒಳಗೆ ಬೇಗ ಬೆಂಕಿ ಹಿಡಿಯದ ಹಲಗೆ, ಅಂಚಿನುದ್ದಕ್ಕೂ ಬಿಸಿ ತಾಗಿದರೆ ಉಬ್ಬಿ ಸಂದು ಮುಚ್ಚುವ ಪಟ್ಟಿ, ಮೇಲೆ ಬಾಗಿಲನ್ನು ತಾನಾಗಿ ಎಳೆದು ಮುಚ್ಚುವ ಕ್ಲೋಸರ್. ಕೆಳಗೆಲ್ಲೋ ಬೆಂಕಿ ಬಿದ್ದರೆ ಮೆಟ್ಟಿಲಲ್ಲಿ ಏರುವ ಹೊಗೆಯನ್ನು ಓಡಲಾರದ ಅಕ್ಕನ ಹತ್ತಿರ ಬಿಡದೆ ತಡೆಯಬೇಕಾದದ್ದು ಅದೇ. ಬಾಗಿಲು ಪೂರ್ತಿ ಮುಚ್ಚಿ ಲ್ಯಾಚು ಕಚ್ಚಿಕೊಂಡಿದ್ದರೆ ಮಾತ್ರ ಇದೆಲ್ಲ ಕೆಲಸಕ್ಕೆ ಬರುತ್ತಿತ್ತು.

ಕಟ್ಟಡದ ಕಾರ್ಯದರ್ಶಿಗೆ ಅದರ ಬೂದು ಬಣ್ಣ ಕಣ್ಣಿಗೆ ಚುಚ್ಚುತ್ತಿತ್ತು. ಪೇಂಟಿನವನನ್ನು ಕರೆಸಿ, ತೇಗದ ಹಾಗೆ ಕಾಣುವಂತೆ ಬಣ್ಣ ಬಳಿಸಿ, ಮೇಲೊಂದು ಮಿರಿಮಿರಿ ಮಿಂಚುವ ಪಾಲಿಶ್ ಹೊಡೆಸಿದ. ಪೇಂಟಿನವನು ಮುಖಕ್ಕಷ್ಟೇ ಬಳಿದು ಸುಮ್ಮನಾಗಲಿಲ್ಲ, ಅಂಚು, ಪಟ್ಟಿ, ಲ್ಯಾಚು ಯಾವುದನ್ನೂ ಬಿಡಲಿಲ್ಲ. ಒಣಗಿದ ಮೇಲೆ ಬಾಗಿಲು ಚೌಕಟ್ಟಿಗೆ ಉಜ್ಜಿ ಅರ್ಧಕ್ಕೇ ನಿಲ್ಲತೊಡಗಿತು.

ಅಂಚಿನ ಬಣ್ಣ ಕೆರೆದು ತೆಗೆದಿದ್ದರೆ ಮುಗಿದುಹೋಗುತ್ತಿತ್ತು, ಮೇಸ್ತ್ರಿಗೆ ಅದು ಗೊತ್ತಿಲ್ಲದ್ದೇನಲ್ಲ. ಆದರೆ ಇನ್ನೊಬ್ಬ ಮಾಡಿದ ಹೊಲಸನ್ನು ತಾನ್ಯಾಕೆ ಬಾಚಬೇಕು ಎಂಬ ಹಟ. ಪೇಂಟಿನವನಿಗೆ ಮುಖದ ನೀರಿಳಿಯುವಂತೆ ಬೈದ. ಆಮೇಲೆ ಏಣಿ ಹತ್ತಿ, ಉಜ್ಜಿದರೂ ಮುಚ್ಚಿಕೊಳ್ಳಲಿ ಎಂದು ಕ್ಲೋಸರಿನ ಸ್ಕ್ರೂ ತಿರುಗುವಷ್ಟೂ ತಿರುಗಿಸಿ ಬಿಗಿ ಮಾಡಿ ಇಳಿದ. ಅವತ್ತಿನಿಂದ ಬಾಗಿಲು ಧಡಾರನೆ ಬಡಿದು ಮುಚ್ಚಿಕೊಳ್ಳತೊಡಗಿತು. ಆ ಸದ್ದು ಕೇಳಿ ಮೇಸ್ತ್ರಿಗೆ ಒಳಗೊಳಗೇ ಖುಷಿ.

ಕೆಲವು ವಾರ ಕಳೆದು ಒಂದು ಬೆಳಿಗ್ಗೆ ಅಕ್ಕನನ್ನು ನೋಡಲು ಬಂದವನ ಕಣ್ಣಿಗೆ ಬಾಗಿಲು ಹಾರುಹೊಡೆದುಕೊಂಡು ನಿಂತದ್ದು ಬಿತ್ತು. ಬುಡಕ್ಕೆ ಯಾರೋ ಮರದ ತುಂಡು ತುರುಕಿದ್ದರು. ಅಲ್ಲೇ ಗುಡಿಸುತ್ತಿದ್ದ ಕಾವಲುಗಾರನ ತೋಳು ಹಿಡಿದು ದರದರ ಎಳೆದುಕೊಂಡು ಕೆಳಗೆ ಕಾರ್ಯದರ್ಶಿಯ ಮುಂದೆ ನಿಲ್ಲಿಸಿದ. ನನ್ನಕ್ಕ ಉಸಿರುಗಟ್ಟಿ ಸತ್ತರೆ ಇವನು ತಂದುಕೊಡುತ್ತಾನಾ ಎಂದು ಕಟ್ಟಡಕ್ಕೆಲ್ಲ ಕೇಳುವಂತೆ ಕೂಗಿದ. ತಾನು ಇಟ್ಟಿಲ್ಲ ಎಂದಷ್ಟೇ ಹೇಳಿದ ಕಾವಲುಗಾರ, ಮತ್ತೆ ಯಾರಿಟ್ಟರು ಎಂದು ಕೇಳಿದ್ದಕ್ಕೆ ತಲೆ ತಗ್ಗಿಸಿದ. ತಗ್ಗಿದ ತಲೆ ನೋಡಿ ಮೇಸ್ತ್ರಿಗೆ ಇನ್ನಷ್ಟು ರೇಗಿತು. ಸಂಜೆಯೊಳಗೆ ಬೇರೆ ಕೆಲಸ ನೋಡಿಕೊ ಎಂದ ಕಾರ್ಯದರ್ಶಿ.

ಗೆದ್ದವನಂತೆ ಮೇಲೆ ಬಂದ ಮೇಸ್ತ್ರಿಗೆ ಅಕ್ಕ ಬಾಗಿಲ ಹತ್ತಿರವೇ ಸಿಕ್ಕಳು. ಕೂಗಾಟ ಅವಳಿಗೂ ಕೇಳಿತ್ತು.

"ಅವನ ಹೊಟ್ಟೆ ಮೇಲೆ ಯಾಕೋ ಹೊಡೀತೀಯ? ಆ ತುಂಡು ಇಟ್ಟಿದ್ದು ನಾನು."

ಅವನು ನಂಬದೆ ನಿಂತ. ಅಕ್ಕ ಕಾಲಿನಿಂದ ತುಂಡನ್ನು ಸರಿಸಿದಳು, ಬಾಗಿಲು ಬಡಿದು ಮುಚ್ಚಿತು. ಕೋಲು ಊರಿ ಭುಜ ಕೊಟ್ಟು ತಳ್ಳಿದಳು. ಅದು ಅಲುಗಲಿಲ್ಲ. ಸೆರಗು ಸರಿಸಿ ತೋಳು ತೋರಿಸಿದಳು, ಮೊಣಕೈವರೆಗೂ ಕಪ್ಪಗೆ ಕಂದಿತ್ತು. ಹೋದ ವಾರ ಹೇಗೋ ಅರ್ಧ ದಾಟಿದಾಗ ಬಾಗಿಲು ಬಂದು ಬಡಿದು ಬಿದ್ದಿದ್ದಳಂತೆ. ಅಂದಿನಿಂದ ಬೆಳಿಗ್ಗೆ ಮಗಳು ಬಾಗಿಲು ತೆರೆದು ಹೊರಟಾಗಲೇ ಕೋಲಿನಿಂದ ತುಂಡನ್ನು ಬುಡಕ್ಕೆ ತಳ್ಳಿಬಿಡುತ್ತಿದ್ದಳು. ಎತ್ತಿ ಮನೆಗೆ ಮುಟ್ಟಿಸಿದವನು ಕಾವಲುಗಾರ. ತಮ್ಮನಿಗೆ ಹೇಳಕೂಡದು ಎಂದು ಅವನಿಂದ ಮಾತು ತೆಗೆದುಕೊಂಡವಳು ಅವಳೇ.

"ನಂಗೊಂದು ಮಾತು ಹೇಳೋಕೇನಾಗಿತ್ತು ನಿಂಗೆ?" ಮೇಸ್ತ್ರಿಯ ದನಿ ಆಗಲೂ ಏರಿತ್ತು.

"ಹೇಳಿದ್ರೆ ನೀನು ಪೇಂಟಿನವನಿಗೆ ಬೈತೀಯ, ಕಾರ್ಯದರ್ಶಿಗೆ ಬೈತೀಯ, ಯಾಕೆ ಬಿದ್ದೆ ಅಂತ ನಂಗೂ ಬೈತೀಯ. ಬಾಗಿಲು ಹಾಗೇ ಇರುತ್ತೆ."

ಮೇಸ್ತ್ರಿಗೆ ತನ್ನ ಮೇಲೆ ಬಂದಷ್ಟು ಸಿಟ್ಟು ಆವರೆಗೆ ಯಾರ ಮೇಲೂ ಬಂದಿರಲಿಲ್ಲ. ಅದನ್ನು ಯಾರ ಮುಂದೆ ಕೂಗುವುದು? ಕೆಳಗಿಳಿದು ಕಾರ್ಯದರ್ಶಿಯೆದುರು ತಾನಾಡಿದ ಮಾತನ್ನು ತಾನೇ ನುಂಗಿದ, ಕಾವಲುಗಾರನನ್ನು ಕಳಿಸಬೇಡಿ ಎಂದು ಕೇಳಿಕೊಂಡ. ಮತ್ತೆ ಬಂದು ನೆಲದ ಮೇಲೆ ಕೂತು, ಇನ್ನೊಬ್ಬ ಬಳಿದ ಬಣ್ಣವನ್ನು ಅಂಚಿನಿಂದ, ಲ್ಯಾಚಿನಿಂದ ಕೆರೆಯತೊಡಗಿದ. ಬಣ್ಣ ಕುಡಿದಿದ್ದ ಪಟ್ಟಿ ಕಿತ್ತು ಹೊಸದು ಕೂರಿಸಿದ. ಕಾವಲುಗಾರ ಬಂದು ಬಾಗಿಲು ಹಿಡಿದುಕೊಂಡ. ತಪ್ಪಾಯಿತು ಎನ್ನುವ ಬದಲು ಮೇಸ್ತ್ರಿ ಅವನಿಗೆ ನಿಲ್ಲಲು ಜಾಗ ಬಿಟ್ಟು ಸರಿದು ಕೂತ.

ಕೆರೆದು ಮುಗಿದ ಮೇಲೆ ಕ್ಲೋಸರ್ ಸಡಿಲಿಸುತ್ತ ಅಕ್ಕನಿಗೆ ತಳ್ಳಲು ಹೇಳಿದ. ಇನ್ನೂ ಸಡಿಲಿಸಿದ. ಕೊನೆಗೆ ಅವಳ ಭುಜಕ್ಕೆ ಬಾಗಿಲು ಬಗ್ಗಿತು. ಅವಳು ದಾಟಿದ ಮೇಲೆ ನಿಧಾನಕ್ಕೆ ಮುಚ್ಚಿ ಲ್ಯಾಚು ಕಚ್ಚಿಕೊಂಡಿತು.

"ಮತ್ತೆ ಬಿಗಿ ಅನಿಸಿದ್ರೆ ಹೇಳು," ಎಂದ, ಅವಳು ತಿರುಗಿ ಬಂದಾಗ.

"ಬೈಯಲ್ಲ ಅಂದ್ರೆ ಹೇಳ್ತೀನಿ."

ಮೇಸ್ತ್ರಿ ಸಾಮಾನು ಚೀಲಕ್ಕೆ ತುಂಬಿಕೊಂಡು, ಹೊರಡುವಾಗ ಕಾವಲುಗಾರನ ಕಡೆ ತಿರುಗಿ, "ನೀನೂ ಹೇಳಪ್ಪ," ಎಂದ.